ಹಳೆಯ ಮಾರುತಿ 800ರ ಲೋವರ್ ಆರ್ಮ್ ಬುಷ್: ಮನೆಯಲ್ಲೇ ಬದಲಿಸುವ ಕ್ರಮ

ಪ್ರಶ್ನೆ: ನನ್ನದು 2005ರ ಮಾರುತಿ 800. ಮುಳಗುಂದದಿಂದ ಗದಗಕ್ಕೆ ದಿನನಿತ್ಯದ ಓಡಾಟ, ಆಗಾಗ ಅಣ್ಣಿಗೇರಿ ಮಾರ್ಗವಾಗಿ ಹುಬ್ಬಳ್ಳಿಗೂ ಹೋಗುವುದುಂಟು. ಹಂಪ್ಸ್ ದಾಟುವಾಗ ಮುಂದಿನ ಎಡಗಡೆಯಿಂದ ‘ಗಡ್ ಗಡ್’ ಎಂಬ ಸದ್ದು ಬರುತ್ತದೆ, ಬ್ರೇಕ್ ಒತ್ತಿದ ಕೂಡಲೇ ‘ಟಕ್’ ಎಂದು ಸ್ಟೀರಿಂಗ್ ತುಸು ಎಡಕ್ಕೆ ಎಳೆಯುತ್ತದೆ. ಕಳೆದ ದೀಪಾವಳಿಯ ಹೊತ್ತಿಗೆ ಗ್ಯಾರೇಜಿನಲ್ಲಿ ಎರಡೂ ಕಡೆ ಲೋವರ್ ಆರ್ಮ್ ಬುಷ್ ಹಾಕಿಸಿ, ನೀರು ಹೊಡೆಸಿ, ಕೆಳಗೆ ಆಯಿಲ್ ಸ್ಪ್ರೇ ಮಾಡಿಸಿದ್ದೆ. ಆರು ತಿಂಗಳೊಳಗೆ ಅದೇ ಸದ್ದು ಮರಳಿತು. ಮಗ ಐಟಿಐನಲ್ಲಿ ಫಿಟ್ಟರ್ ಕಲಿಯುತ್ತಿದ್ದಾನೆ. ಈ ಸಲ ನಾವೇ ಮನೆಯಲ್ಲಿ ಮಾಡಬಹುದೇ? ರಬ್ಬರಿನ ಬದಲು ಪಾಲಿಯುರೆಥೇನ್ ಬುಷ್ ಹಾಕಿದರೆ ಹೆಚ್ಚು ಬಾಳುತ್ತದೆಯೇ?

ಉತ್ತರ: ಮಾಡಬಹುದು. ಮುಂಚಕ್ರವನ್ನು ಕೆಳಗಿನಿಂದ ಕಾರಿನ ಬಾಡಿಯೊಂದಿಗೆ ಜೋಡಿಸುವ ತೋಳಾದ ಲೋವರ್ ಆರ್ಮಿನಿಂದ ಹಳೆಯ ಬುಷ್ ಒತ್ತಿ ತೆಗೆದು ಹೊಸದನ್ನು ಕೂರಿಸುವ ಒಂದು ಹಂತವನ್ನು ಮಾತ್ರ ಪ್ರೆಸ್ ಇರುವ ಲೇಥ್ ಅಂಗಡಿಗೆ ಒಯ್ಯುವುದು ಲೇಸು. ಉಳಿದದ್ದೆಲ್ಲವೂ ಒಳ್ಳೆಯ ಪಾನಾ ಸೆಟ್ಟು, ಜ್ಯಾಕು, ಎರಡು ಗಟ್ಟಿ ಸ್ಟ್ಯಾಂಡು ಮತ್ತು ಒಂದಿಡೀ ಭಾನುವಾರ ಇದ್ದರೆ ಆಗುವ ಕೆಲಸ. ಆದರೆ ಪಾನಾ ಹಿಡಿಯುವ ಮೊದಲು, ಹೋದ ಸಲದ ಬುಷ್ ಆರು ತಿಂಗಳಿಗೇ ಏಕೆ ಹೋಯಿತೆಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಕಾರಣವನ್ನು ಹಾಗೆಯೇ ಬಿಟ್ಟು ಬುಷ್ ಮಾತ್ರ ಬದಲಿಸಿದರೆ ಬರುವ ದೀಪಾವಳಿಗೆ ನೀವು ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ.

ಲೋವರ್ ಆರ್ಮ್ ಬುಷ್ ಎಂದರೆ ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಉಕ್ಕಿನ ಕೊಳವೆ, ಇವೆರಡರ ನಡುವೆ ಬಿಸಿಯಲ್ಲಿ ಬೆಸೆದು ಕೂರಿಸಿದ ರಬ್ಬರು. ಹೊರಕೊಳವೆ ಆರ್ಮಿನ ತೂತಿನಲ್ಲಿ ಬಿಗಿಯಾಗಿ ಕುಳಿತಿರುತ್ತದೆ. ಒಳಕೊಳವೆಯನ್ನು ಬೋಲ್ಟು ಬಾಡಿಯ ಬ್ರಾಕೆಟ್ಟಿಗೆ ಅದುಮಿ ಹಿಡಿದಿರುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ಒಳಕೊಳವೆ ಬೋಲ್ಟಿನ ಸುತ್ತ ತಿರುಗುತ್ತದೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಒಳಕೊಳವೆ ಅಲುಗುವುದೇ ಇಲ್ಲ, ರಬ್ಬರು ತನ್ನ ಮೈಯನ್ನೇ ತಿರುಚಿಕೊಂಡು ಆರ್ಮಿಗೆ ಆಡಲು ಅವಕಾಶ ಕೊಡುತ್ತದೆ. ಆದ್ದರಿಂದ ಬೋಲ್ಟನ್ನು ಬಿಗಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಆ ಕೋನವೇ ರಬ್ಬರಿನ ವಿಶ್ರಾಂತಿಯ ಸ್ಥಿತಿಯಾಗಿ ಉಳಿಯುತ್ತದೆ.

ಈಗ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಗಮನಿಸಿ. ಕಾರನ್ನು ಲಿಫ್ಟಿಗೆ ಏರಿಸುತ್ತಾರೆ, ಚಕ್ರಗಳು ಜೋತುಬೀಳುತ್ತವೆ, ಹೊಸ ಬುಷ್ ಕೂರಿಸಿದ ಆರ್ಮನ್ನು ಹಾಕಿ ಅದೇ ಸ್ಥಿತಿಯಲ್ಲಿ ಗಾಳಿ ಗನ್ನಿನಿಂದ ಬೋಲ್ಟನ್ನು ಪೂರ್ತಿ ಬಿಗಿದು ಕಾರನ್ನು ಇಳಿಸುತ್ತಾರೆ. ಆರ್ಮಿನ ಉದ್ದ ಸುಮಾರು ಒಂದು ಅಡಿ ಎಂದು ಇಟ್ಟುಕೊಂಡರೆ, ಚಕ್ರವು 8 ಸೆಂ.ಮೀ. ಕೆಳಗೆ ಜೋತುಬಿದ್ದಾಗ ಆರ್ಮ್ ಹೆಚ್ಚುಕಡಿಮೆ 15 ಡಿಗ್ರಿ ವಾಲಿರುತ್ತದೆ. ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ಅಷ್ಟೂ ಡಿಗ್ರಿ ತಿರುಚಿಕೊಂಡು, ಅಂಗಳದಲ್ಲಿ ಸುಮ್ಮನೆ ನಿಂತಿರುವಾಗಲೂ ಹಾಗೆಯೇ ಇರಬೇಕಾಗುತ್ತದೆ. ಅದರ ಮೇಲೆ ಹುಲಕೋಟಿಯ ಆಚೆ ಈಚೆ ಒಂದೊಂದು ಹಂಪ್ಸಿಗೂ ಮತ್ತಷ್ಟು ತಿರುಚು ಸೇರುತ್ತದೆ. ಹೀಗೆ ದುಡಿದ ರಬ್ಬರು ಒಳಕೊಳವೆಯ ಅಂಚಿನಿಂದ ಹರಿಯತೊಡಗುತ್ತದೆ. ಎಷ್ಟು ಒಳ್ಳೆಯ ಬುಷ್ ಹಾಕಿದರೂ ಈ ತಪ್ಪಿನ ಮುಂದೆ ಅದು ಉಳಿಯುವುದಿಲ್ಲ. ನೀವು ಮನೆಯಲ್ಲಿ ಮಾಡುವುದರಿಂದ ಸಿಗುವ ನಿಜವಾದ ಲಾಭವೆಂದರೆ ಮಜೂರಿ ಉಳಿಯುವುದಷ್ಟೇ ಅಲ್ಲ, ಈ ಕೊನೆಯ ಬಿಗಿತವನ್ನು ಅವಸರವಿಲ್ಲದೆ ಸರಿಯಾದ ಸ್ಥಿತಿಯಲ್ಲಿ ಮಾಡಬಹುದು ಎಂಬುದು.

ಎರಡನೆಯ ಕಾರಣವನ್ನು ನಿಮ್ಮ ಪ್ರಶ್ನೆಯಲ್ಲೇ ಹೇಳಿದ್ದೀರಿ. ಸರ್ವೀಸ್ ಆದ ಮೇಲೆ ಕಾರಿನ ಹೊಟ್ಟೆಗೆ ಡೀಸೆಲ್ ಬೆರೆಸಿದ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿ ನಮ್ಮ ಕಡೆ ಇನ್ನೂ ಹೋಗಿಲ್ಲ. ತಗಡಿಗೆ ತುಕ್ಕು ಹಿಡಿಯದಿರಲೆಂಬುದು ಅದರ ಉದ್ದೇಶ, ಮತ್ತು ತಗಡಿನ ಮಟ್ಟಿಗೆ ಅದರಿಂದ ಅಲ್ಪಸ್ವಲ್ಪ ಉಪಯೋಗವೂ ಇದ್ದೀತು. ಆದರೆ ನೈಸರ್ಗಿಕ ರಬ್ಬರಿಗೆ ಖನಿಜ ತೈಲ ಕಡುವೈರಿ. ರಬ್ಬರು ಎಣ್ಣೆ ಹೀರಿ ಊದಿಕೊಂಡು, ಮೆತ್ತಗಾಗಿ, ಕೊನೆಗೆ ಲೋಹದ ಕೊಳವೆಯಿಂದ ಬಿಟ್ಟುಕೊಳ್ಳುತ್ತದೆ. ಹಳೆಯ ಬುಷ್ ಕೈಗೆ ಬಂದಾಗ ಅದನ್ನು ಉಗುರಿನಿಂದ ಒತ್ತಿ ನೋಡಿ. ಎಣ್ಣೆಯಿಂದ ಹಾಳಾದ ರಬ್ಬರು ಜಿಗುಟಾಗಿ, ಬೆರಳಿಗೆ ಕಪ್ಪು ಅಂಟಿಸುತ್ತದೆ. ತಿರುಚಿ ಹರಿದ ರಬ್ಬರು ಗಟ್ಟಿಯಾಗಿಯೇ ಇದ್ದು, ಒಳಕೊಳವೆಯ ಸುತ್ತ ಅರ್ಧಚಂದ್ರಾಕಾರದ ಬಿರುಕು ತೋರಿಸುತ್ತದೆ. ಆಕ್ಸಲ್ ಬೂಟ್ (ಆಕ್ಸಲಿನ ಕೀಲನ್ನು ಮುಚ್ಚಿರುವ ರಬ್ಬರ್ ಚೀಲ) ಹರಿದು ಗ್ರೀಸು ಸಿಡಿಯುತ್ತಿದ್ದರೆ, ಅಥವಾ ಗೇರ್ ಬಾಕ್ಸಿನ ಸೀಲಿನಿಂದ ಎಣ್ಣೆ ಜಿನುಗಿ ಆರ್ಮಿನ ಮೇಲೆ ಬೀಳುತ್ತಿದ್ದರೆ, ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಬುಷ್ ವಿಚಾರಕ್ಕೆ ಬನ್ನಿ.

ಸದ್ದು ನಿಜವಾಗಿಯೂ ಈ ಬುಷ್‌ನದೇ ಎಂದು ಖಚಿತಪಡಿಸಿಕೊಳ್ಳುವುದೂ ಮುಖ್ಯ. ಬ್ರೇಕ್ ಒತ್ತಿದಾಗ ‘ಟಕ್’ ಎನ್ನುವುದು ಮತ್ತು ಒಂದು ಬದಿಗೆ ಎಳೆಯುವುದು ಬುಷ್ ಸವೆತದ ಕಡೆಗೇ ಬೆರಳು ಮಾಡುತ್ತದೆ. ಆದರೆ ಹಂಪ್ಸಿನ ಮೇಲಿನ ಗಡಗಡ ಸದ್ದು ಬಾಲ್ ಜಾಯಿಂಟ್ (ಆರ್ಮಿನ ಹೊರತುದಿಯಲ್ಲಿ ಚಕ್ರದ ಕಡೆಗಿರುವ ಕೀಲು), ಟೈ ರಾಡ್ ಎಂಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ರಾಡಿನ ತುದಿಯ ಕೀಲು), ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಅಥವಾ ಸ್ಟೆಬಿಲೈಜರ್ ರಾಡಿನ ರಬ್ಬರುಗಳಿಂದಲೂ ಬರಬಹುದು. ಮುಂಚಕ್ರವನ್ನು ನೆಲದಿಂದ ಎತ್ತಿ, ಟಯರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಆಟ ಕಂಡರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗನ್ನು ಶಂಕಿಸಿ. ಎಡ ಬಲ ಹಿಡಿದು ಅಲುಗಾಡಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ್‍ಯಾಕ್ ನೋಡಿ. ಎರಡರಲ್ಲೂ ಆಟವಿಲ್ಲದಿದ್ದರೆ ಆರ್ಮ್ ಮತ್ತು ಬ್ರಾಕೆಟ್ಟಿನ ನಡುವೆ ಟಾಮಿ (ಮೀಟುವ ಕಬ್ಬಿಣದ ಸರಳು) ತೂರಿಸಿ ಮೆಲ್ಲಗೆ ಮೀಟಬೇಕು. ಒಳ್ಳೆಯ ಬುಷ್ ಸ್ವಲ್ಪ ಬಾಗಿ ತನ್ನ ಜಾಗಕ್ಕೆ ಮರಳುತ್ತದೆ, ಹಾಳಾದದ್ದು ‘ಕಟ್’ ಎಂದು ಲೋಹಕ್ಕೆ ಲೋಹ ತಾಗಿಸುತ್ತದೆ. ಒಳಕೊಳವೆ ನಟ್ಟನಡುವೆ ಇರದೆ ಒಂದು ಬದಿಗೆ ಸರಿದಿದ್ದರೂ ಬುಷ್ ಮುಗಿದಿದೆಯೆಂದೇ ಅರ್ಥ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದ ಮಾತ್ರಕ್ಕೆ ಬದಲಿಸಬೇಕಿಲ್ಲ. ಹತ್ತು ವರ್ಷದ ಯಾವ ರಬ್ಬರಿಗೂ ಅವು ಇರುತ್ತವೆ.

ಬಿಡಿಭಾಗಗಳ ವಿಚಾರ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿದ್ದರೂ ಇದರ ಬುಷ್‌ಗಳಿಗೆ ಗದಗದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಬರವಿಲ್ಲ, ಬರವಿರುವುದು ಗುಣಮಟ್ಟಕ್ಕೆ. ಅಂಗಡಿಯಲ್ಲಿ ಬುಷ್ಷನ್ನು ಕೈಯಲ್ಲಿ ಹಿಡಿದು ರಬ್ಬರು ಕೊಳವೆಗೆ ಸುತ್ತಲೂ ಬೆಸೆದಿದೆಯೇ ನೋಡಿ. ಎಲ್ಲಾದರೂ ಉಗುರು ಇಳಿಯುವಷ್ಟು ಸಂದಿ ಇದ್ದರೆ ಬೇಡ. ಬಹಳ ಕಾಲ ಕಪಾಟಿನಲ್ಲಿ ಕುಳಿತು ಬಿರುಸಾದ ಮಾಲೂ ಬೇಡ. ಎರಡೂ ಬದಿಗೆ ಒಂದೇ ಕಂಪನಿಯದನ್ನು ಕೊಳ್ಳಿ, ಜೊತೆಗೆ ಸ್ಟೆಬಿಲೈಜರ್ ರಾಡಿನ ಬ್ರಾಕೆಟ್ ರಬ್ಬರು ಮತ್ತು ತುದಿಯ ರಬ್ಬರುಗಳನ್ನೂ ನಟ್ಟು ಸಡಿಲಾಗದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ನುಗಳನ್ನೂ ತನ್ನಿ. ಈ ಕಾರಿನಲ್ಲಿ ಆ ರಾಡು ಕೇವಲ ವಾಲುವುದನ್ನು ತಡೆಯುವ ಕೆಲಸಕ್ಕಿಲ್ಲ, ಲೋವರ್ ಆರ್ಮನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದೂ ಅದೇ. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ತಳ್ಳಲ್ಪಡುತ್ತದೆ, ಆ ಬಲವನ್ನು ತಾಳುವುದು ರಾಡಿನ ತುದಿಯ ರಬ್ಬರುಗಳು. ನಿಮ್ಮ ‘ಟಕ್’ ಸದ್ದಿನಲ್ಲಿ ಅರ್ಧ ಪಾಲು ಅವುಗಳದೇ ಇರಬಹುದೆಂದು ನನ್ನ ಊಹೆ. ಬಾಲ್ ಜಾಯಿಂಟಿನಲ್ಲೂ ಆಟ ಕಂಡಿದ್ದರೆ ಬುಷ್ ಮತ್ತು ಬಾಲ್ ಜಾಯಿಂಟ್ ಎರಡೂ ಕೂಡಿಯೇ ಬರುವ ಇಡೀ ಆರ್ಮ್ ಕೊಂಡುಬಿಡುವುದು ಜಾಣತನ. ಆಗ ಪ್ರೆಸ್ಸಿನ ಗೊಡವೆಯೂ ಇರುವುದಿಲ್ಲ.

ಪಾಲಿಯುರೆಥೇನ್ ಬಗ್ಗೆ ಕೇಳಿದ್ದೀರಿ. ಅದಕ್ಕೆ ಎಣ್ಣೆಯ ಭಯ ಕಡಿಮೆ, ಸವೆತವೂ ನಿಧಾನ. ಆದರೆ ಅದು ರಬ್ಬರಿನಂತೆ ತಿರುಚಿಕೊಳ್ಳುವುದಿಲ್ಲ, ಒಳಕೊಳವೆಯ ಮೇಲೆ ಜಾರಿ ತಿರುಗುತ್ತದೆ. ಹಾಗಾಗಿ ಅದಕ್ಕೆ ಸೂಕ್ತ ಸಿಲಿಕೋನ್ ಗ್ರೀಸು ಬೇಕು, ಗ್ರೀಸು ಒಣಗಿ ಮಣ್ಣು ಹೊಕ್ಕರೆ ಕಿರಗುಟ್ಟಲು ಶುರುಮಾಡುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ಅರಲು ಮೆತ್ತಿಕೊಳ್ಳುವ ನಿಮ್ಮ ದಾರಿಗೆ ಅದು ಹೇಳಿ ಮಾಡಿಸಿದ್ದಲ್ಲ. ಮೇಲಾಗಿ ರಸ್ತೆಯ ಪ್ರತಿ ಅದುರನ್ನೂ ಅದು ಕಾರಿನ ಹಗುರವಾದ ಬಾಡಿಗೆ ದಾಟಿಸುತ್ತದೆ. ಸರಿಯಾಗಿ ಬಿಗಿದ, ಎಣ್ಣೆ ತಾಗದ ರಬ್ಬರ್ ಬುಷ್ ವರ್ಷಗಟ್ಟಲೆ ಬಾಳುವುದರಿಂದ ನಾನು ರಬ್ಬರನ್ನೇ ಹಾಕಲು ಹೇಳುತ್ತೇನೆ.

ಕಾರನ್ನು ಎತ್ತುವ ಮುನ್ನ ಒಂದು ಅಳತೆ ತೆಗೆದುಕೊಳ್ಳಬೇಕು, ಇಡೀ ಕೆಲಸದ ಜೀವಾಳ ಇದೇ. ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಮುಂಭಾಗವನ್ನು ಒಂದೆರಡು ಸಲ ಅದುಮಿ ಬಿಟ್ಟು, ಚಕ್ರದ ಹಬ್ಬಿನ ನಟ್ಟನಡುವಿನಿಂದ ನೇರ ಮೇಲೆ ಫೆಂಡರಿನ ಅಂಚಿನವರೆಗೆ ಟೇಪಿನಿಂದ ಅಳೆದು, ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಬರೆದಿಡಿ. ಕಾರು ತನ್ನ ಭಾರದ ಮೇಲೆ ನಿಂತ ಎತ್ತರ ಅದು. ಕೊನೆಯಲ್ಲಿ ಬೋಲ್ಟು ಬಿಗಿಯುವಾಗ ಆರ್ಮನ್ನು ಇದೇ ಎತ್ತರಕ್ಕೆ ತರಬೇಕಾಗುತ್ತದೆ.

ಎತ್ತುವ ಜಾಗವೂ ಮುಖ್ಯ. ಎರೆಮಣ್ಣಿನ ಅಂಗಳದಲ್ಲಿ ಜ್ಯಾಕು ಹೂತುಹೋಗುತ್ತದೆ. ಫರಸಿ ಹಾಸಿದ ಪಡಸಾಲೆಯಲ್ಲಿ ಒಂದೇ ಬಿಂದುವಿನ ಭಾರಕ್ಕೆ ಫರಸಿ ಒಡೆಯುತ್ತದೆ, ಇಲ್ಲವೇ ಜ್ಯಾಕು ಜಾರುತ್ತದೆ. ಕಾಂಕ್ರೀಟ್ ನೆಲವೇ ಉತ್ತಮ, ಇಲ್ಲವಾದರೆ ಜ್ಯಾಕು ಮತ್ತು ಸ್ಟ್ಯಾಂಡುಗಳ ಕೆಳಗೆ ಎರಡಿಂಚು ದಪ್ಪದ ಅಗಲವಾದ ಹಲಗೆ ಹಾಕಿ. ಹಿಂಚಕ್ರಗಳಿಗೆ ಎರಡೂ ಬದಿ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂಭಾಗದ ಎರಡೂ ಬದಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಒಂದೇ ಬದಿ ಎತ್ತಿದರೆ ಸ್ಟೆಬಿಲೈಜರ್ ರಾಡು ತಿರುಚಿಕೊಂಡು ಬಿಗುವಿನಲ್ಲಿರುತ್ತದೆ, ನಟ್ಟು ಕಳಚಿದಾಗ ಸಿಡಿದು ಕೈಗೆ ಬಡಿಯಬಹುದು. ಸುಮಾರು 650 ಕಿಲೋ ತೂಗುವ ಹಗುರ ಕಾರು ಎಂಬ ಸಲಿಗೆಯಿಂದ ಬರೀ ಜ್ಯಾಕಿನ ಮೇಲೆ ಕೆಲಸ ಮಾಡುವವರಿದ್ದಾರೆ, ಟೊಳ್ಳು ಸಿಮೆಂಟ್ ಬ್ಲಾಕ್ ಇಡುವವರೂ ಇದ್ದಾರೆ. ಆ ಬ್ಲಾಕು ಬಿರುಕು ತೋರಿಸಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಮಗನಿಗೆ ಇದನ್ನು ಖಂಡಿತವಾಗಿ ಹೇಳಿ: ಸ್ಟ್ಯಾಂಡು ಇಲ್ಲದೆ ತಲೆ ಕಾರಿನ ಕೆಳಗೆ ಹೋಗಕೂಡದು.

ಹಿಂದಿನ ದಿನವೇ ಕೆಳಭಾಗ ತೊಳೆದು, ಬೋಲ್ಟುಗಳ ಎಳೆಗೆ ಮಾತ್ರ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದರೆ ಕೆಲಸ ಸಲೀಸು. ಚಕ್ರ ತೆಗೆದ ಮೇಲೆ ಮೊದಲು ಸ್ಟೆಬಿಲೈಜರ್ ರಾಡಿನ ತುದಿಯ ನಟ್ಟು ಬಿಚ್ಚಿ, ಸ್ಪ್ಲಿಟ್ ಪಿನ್ ಇದ್ದರೆ ಅದನ್ನು ಮೊದಲೇ ಎಳೆದುಬಿಡಿ. ಅಲ್ಲಿರುವ ವಾಷರುಗಳು ಬಟ್ಟಲಿನಾಕಾರದವು, ಯಾವುದು ಯಾವ ಕಡೆ ಮುಖ ಮಾಡಿತ್ತೆಂದು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ನಂತರ ಬಾಲ್ ಜಾಯಿಂಟಿನ ಕಡ್ಡಿಯನ್ನು ಹಿಡಿದಿರುವ ಬೋಲ್ಟು. ಇದನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಕಡ್ಡಿಯ ಮೈಮೇಲಿನ ತೋಡಿನಲ್ಲಿ ಈ ಬೋಲ್ಟು ಹಾಯ್ದಿರುವುದರಿಂದ, ಅದು ಒಳಗಿರುವತನಕ ಎಷ್ಟು ಬಡಿದರೂ ಆರ್ಮ್ ಕೆಳಗಿಳಿಯುವುದಿಲ್ಲ. ಇದು ಗೊತ್ತಿಲ್ಲದೆ ಸುತ್ತಿಗೆ ಬೀಸಿ ಬಾಲ್ ಜಾಯಿಂಟಿನ ಬೂಟ್ ಹರಿದುಕೊಂಡವರು ಬಹಳ. ಬೋಲ್ಟು ಬಂದ ಮೇಲೆ ಟಾಮಿಯಿಂದ ಆರ್ಮನ್ನು ಕೆಳಕ್ಕೆ ಒತ್ತಿದರೆ ಕಡ್ಡಿ ಜಾರಿ ಬರುತ್ತದೆ. ಈಗ ಬಿಡುವಾದ ಹಬ್ಬನ್ನು ಹೊರಕ್ಕೆ ಎಳೆಯಬೇಡಿ, ಆಕ್ಸಲಿನ ಒಳತುದಿ ಕಳಚಿಕೊಂಡೀತು. ಬ್ರೇಕ್ ಪೈಪಿಗೂ ಭಾರ ಬೀಳದಂತೆ ಹಬ್ಬನ್ನು ತಂತಿಯಿಂದ ಕಟ್ಟಿಡಿ. ಕೊನೆಗೆ ಒಳಬದಿಯ ಬೋಲ್ಟು ತೆಗೆದು, ರಾಡನ್ನು ಕಾರಿನ ಬಾಡಿಯೊಂದಿಗೆ ಹಿಡಿದಿರುವ ಬ್ರಾಕೆಟ್ಟುಗಳನ್ನು ಸಡಿಲಿಸಿದರೆ ಆರ್ಮ್ ಕೈಗೆ ಬರುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರನ್ನು ಬಿಚ್ಚುವ ಅಗತ್ಯ ಎಲ್ಲಿಯೂ ಇಲ್ಲ, ಮೇಲಿನ ನಟ್ಟಿನ ತಂಟೆಗೆ ಹೋಗಲೇಬೇಡಿ.

ಆರ್ಮನ್ನು ಪ್ರೆಸ್ಸಿಗೆ ಒಯ್ಯುವ ಮೊದಲು, ಹಳೆಯ ಬುಷ್ ಎರಡೂ ಬದಿಗೆ ಎಷ್ಟೆಷ್ಟು ಹೊರಚಾಚಿದೆಯೆಂದು ಗುರುತು ಹಾಕಿ. ಅಲ್ಲಿಯ ಮೇಸ್ತ್ರಿಗೆ ಎರಡು ಮಾತು ಹೇಳಬೇಕು. ಹೊಸ ಬುಷ್ ಕೂರಿಸುವಾಗ ಒತ್ತಡ ಹೊರಕೊಳವೆಯ ಅಂಚಿನ ಮೇಲೆಯೇ ಬೀಳಬೇಕು, ಅದೇ ವ್ಯಾಸದ ಪೈಪಿನ ತುಂಡು ಇಟ್ಟು ಒತ್ತಲಿ. ಒಳಕೊಳವೆಯ ಮೇಲೆ ಒತ್ತಿದರೆ ಬುಷ್ ಹಾಕುವಾಗಲೇ ಬೆಸುಗೆ ಹರಿದಿರುತ್ತದೆ. ಎರಡನೆಯದು, ಜಾರಲೆಂದು ಗ್ರೀಸು ಆಯಿಲ್ ಸವರುವುದು ಬೇಡ, ಸಾಬೂನು ನೀರು ಸಾಕು. ಹಳೆಯ ಬುಷ್ಷನ್ನು ಬೆಂಕಿ ಹಚ್ಚಿ ಸುಡುವ ಪದ್ಧತಿ ಕೆಲವೆಡೆ ಇದೆ. ಅದರ ಹೊಗೆ ಕೆಟ್ಟದ್ದು, ಆರ್ಮಿನ ಇನ್ನೊಂದು ತುದಿಯ ಬಾಲ್ ಜಾಯಿಂಟಿಗೂ ಶಾಖ ತಗಲುತ್ತದೆ. ಹೊರಕೊಳವೆ ಕಚ್ಚಿಕೊಂಡಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಕೊಳವೆಯನ್ನಷ್ಟೇ ಸೀಳಿ, ಆರ್ಮಿನ ತೂತಿಗೆ ಗೀರು ಬೀಳದಂತೆ ನೋಡಿಕೊಂಡು ಹೊರತೆಗೆಯಬಹುದು. ಖಾಲಿ ತೂತನ್ನು ಎಮರಿ ಕಾಗದದಿಂದ ಉಜ್ಜಿ ತುಕ್ಕು ತೆಗೆಯಿರಿ. ಬುಷ್ ಕೈಯಿಂದಲೇ ಒಳಹೋಗುವಷ್ಟು ತೂತು ಸಡಿಲವಾಗಿದ್ದರೆ ಆ ಆರ್ಮ್ ಗುಜರಿಗೆ ಯೋಗ್ಯ, ವೆಲ್ಡಿಂಗ್ ಚುಕ್ಕೆ ಇಟ್ಟು ನಿಲ್ಲಿಸುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಆರ್ಮ್ ಹೊರಗಿರುವಾಗಲೇ ಬಾಡಿಯ ಬ್ರಾಕೆಟ್ಟನ್ನೂ ಟಾರ್ಚ್ ಹಿಡಿದು ನೋಡಿ. ಬೋಲ್ಟಿನ ತೂತು ಅಂಡಾಕಾರವಾಗಿದ್ದರೆ ಅಥವಾ ತಗಡು ಸೀಳಿದ್ದರೆ, ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಹಾಗೆಯೇ ಓಡಿಸುವುದೂ ತರವಲ್ಲ.

ಮರುಜೋಡಣೆಯಲ್ಲಿ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ತಿರುಗಿಸಿ ಕೂರಿಸಿ. ಬಾಲ್ ಜಾಯಿಂಟಿನ ಬೋಲ್ಟನ್ನು ಈಗಲೇ ಪೂರ್ತಿ ಬಿಗಿಯಬಹುದು, ಅದಕ್ಕೂ ರಬ್ಬರಿನ ತಿರುಚಿಗೂ ಸಂಬಂಧವಿಲ್ಲ. ಒಳಬದಿಯ ಬುಷ್ ಬೋಲ್ಟು, ರಾಡಿನ ತುದಿಯ ನಟ್ಟು ಮತ್ತು ರಾಡಿನ ಬ್ರಾಕೆಟ್ಟುಗಳು ಮಾತ್ರ ಸಡಿಲವಾಗಿಯೇ ಇರಲಿ. ಆಮೇಲೆ ಆರ್ಮಿನ ಹೊರತುದಿಯ ಕೆಳಗೆ, ಬಾಲ್ ಜಾಯಿಂಟಿನ ಹತ್ತಿರ, ಮರದ ತುಂಡು ಇಟ್ಟು ಜ್ಯಾಕಿನಿಂದ ಮೆಲ್ಲಮೆಲ್ಲಗೆ ಎತ್ತುತ್ತಾ ಹೋಗಿ. ಸ್ಪ್ರಿಂಗು ಅದುಮುತ್ತದೆ, ಹಬ್ಬು ಮೇಲೇರುತ್ತದೆ. ಹಬ್ಬಿನ ನಡುವಿನಿಂದ ಫೆಂಡರಿನ ಅಂಚಿಗೆ ನೀವು ಬರೆದಿಟ್ಟ ಅಳತೆ ಬಂದಾಗ ನಿಲ್ಲಿಸಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆ ಬದಿಯ ಸ್ಟ್ಯಾಂಡಿನ ಮೇಲಿನ ಭಾರ ಹಗುರಾಗಿರುವುದೂ ಕಾಣುತ್ತದೆ. ಸ್ಟ್ಯಾಂಡು ಮಾತ್ರ ಅಲ್ಲಿಂದ ಕದಲಬಾರದು. ಈ ಸ್ಥಿತಿಯಲ್ಲಿ ಒಳಬದಿಯ ಬೋಲ್ಟನ್ನು ಸರ್ವೀಸ್ ಕೈಪಿಡಿಯಲ್ಲಿ ಕೊಟ್ಟಷ್ಟು ಟಾರ್ಕಿಗೆ ಬಿಗಿಯಿರಿ. ಟಾರ್ಕ್ ರೆಂಚನ್ನು ಐಟಿಐನ ಗೆಳೆಯರಿಂದಲೋ ಪರಿಚಯದ ಗ್ಯಾರೇಜಿನಿಂದಲೋ ಒಂದು ದಿನಕ್ಕೆ ಎರವಲು ತಂದರಾಯಿತು. ಪಾನಾದ ಹಿಡಿಕೆಗೆ ಪೈಪು ಸಿಕ್ಕಿಸಿ ಜೋತುಬಿದ್ದು ಬಿಗಿದರೆ ಬ್ರಾಕೆಟ್ಟಿನ ತಗಡು ಒಳಬಾಗುತ್ತದೆ ಅಥವಾ ಎಳೆ ಹೋಗುತ್ತದೆ. ಇನ್ನೊಂದು ಬದಿಗೂ ಇದೇ ಕ್ರಮ.

ರಾಡಿನ ಬ್ರಾಕೆಟ್ ರಬ್ಬರುಗಳಿಗೆ ಒಂದು ಕಡೆ ಸೀಳು ಇರುತ್ತದೆ, ಅಗಲಿಸಿ ರಾಡಿನ ಮೇಲೆ ಏರಿಸಿದರೆ ಆಯಿತು. ಸೀಳು ಮೊದಲು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗಿರಲಿ, ರಾಡಿನ ಮೇಲಿನ ತುಕ್ಕು ಉಜ್ಜಿ ತೆಗೆದಿರಿ. ಈ ಬ್ರಾಕೆಟ್ಟುಗಳನ್ನೂ ತುದಿಯ ನಟ್ಟುಗಳನ್ನೂ ಚಕ್ರ ಹಾಕಿ, ಕಾರು ನೆಲಕ್ಕಿಳಿದು, ಹತ್ತಡಿ ಹಿಂದೆ ಮುಂದೆ ಉರುಳಿಸಿ ನಿಲ್ಲಿಸಿದ ಮೇಲೆ ಬಿಗಿಯುವುದು ಸರಿ. 12 ಇಂಚಿನ ಚಕ್ರದ ಈ ಕಾರಿನ ಕೆಳಗೆ ಕೈ ಹೋಗುವುದು ಕಷ್ಟ. ಹತ್ತಿರದ ಸರ್ವೀಸ್ ಸ್ಟೇಷನ್ನಿನಲ್ಲಿ ಗುಂಡಿ ಇದ್ದರೆ ನಿಧಾನವಾಗಿ ಅಲ್ಲಿಯವರೆಗೆ ಓಡಿಸಿಕೊಂಡು ಹೋಗುವ ಯೋಚನೆ ಬರಬಹುದು. ಸಡಿಲ ನಟ್ಟಿನೊಂದಿಗೆ ರಸ್ತೆಗಿಳಿಯುವುದು ಬೇಡ. ಬದಲಿಗೆ ಎರಡೂ ಮುಂಚಕ್ರಗಳ ಕೆಳಗೆ ಒಂದೇ ಎತ್ತರದ ಗಟ್ಟಿ ಹಲಗೆಗಳನ್ನು ಜೋಡಿಸಿ ಕಾರನ್ನು ಅವುಗಳ ಮೇಲೆ ಇಳಿಸಿದರೆ, ಭಾರ ಚಕ್ರದ ಮೇಲೆಯೇ ಇದ್ದು ಕೈಯಾಡಿಸಲು ಜಾಗವೂ ಸಿಗುತ್ತದೆ. ಕೊನೆಯಲ್ಲಿ ಸ್ಪ್ಲಿಟ್ ಪಿನ್ ಹೊಸದೇ ಹಾಕಿ.

ಇದಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಬುಷ್ ಬದಲಾದಾಗ ಆರ್ಮ್ ತುಸುವಾದರೂ ಜಾಗ ಬದಲಿಸಿರುತ್ತದೆ, ಟೋ (ಮುಂಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಕೆಟ್ಟಿದ್ದರೆ ಹೊಸ ಟಯರಿನ ಅಂಚು ಕೆಲವೇ ತಿಂಗಳಲ್ಲಿ ಬೋಳಾಗುತ್ತದೆ. ಅಲೈನ್‌ಮೆಂಟ್ ಮಾಡಿಸಿದರೂ ಸ್ಟೀರಿಂಗ್ ಎಡಕ್ಕೇ ಎಳೆಯುತ್ತಿದ್ದರೆ, ಬಲಗಡೆಯ ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲವೇ ಎಂದು ಪರೀಕ್ಷಿಸಿ. ಒಂದು ವಾರ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಕೈಯಾಡಿಸಿ ನೋಡಿ.

ಹಿಂದಿನ ಆಕ್ಸಲಿನ ಆರ್ಮ್‌ಗಳ ಬುಷ್‌ಗಳನ್ನು ಎಂದಾದರೂ ಬದಲಿಸುವುದಾದರೆ ಅಲ್ಲಿಯೂ ಕೊನೆಯ ಬಿಗಿತ ಕಾರು ಭಾರದ ಮೇಲಿದ್ದಾಗಲೇ ಆಗಬೇಕು. ಇನ್ನು ಮುಂದಿನ ಸರ್ವೀಸಿಗೆ ಕಾರು ಬಿಡುವಾಗ ‘ಕೆಳಗೆ ಆಯಿಲ್ ಸ್ಪ್ರೇ ಬೇಡ’ ಎಂದು ಬಾಯಲ್ಲಿ ಹೇಳುವುದಲ್ಲದೆ ಜಾಬ್ ಕಾರ್ಡಿನ ಮೇಲೆಯೂ ಬರೆಸಿ. ಕಾರು ತೊಳೆಯುವ ಹುಡುಗನ ಕೈಗೆ ಸ್ಪ್ರೇ ಗನ್ ಬರುವ ಹೊತ್ತಿಗೆ ನೀವು ಅಲ್ಲಿರುವುದಿಲ್ಲ.